ಗಿಟಾರ್ ಸಿಂಥಸೈಜರಿನ ಧ್ವನಿಮುದ್ರಣ: ಮುಕ್ತ ತಂತ್ರಾಂಶದ ನೆರವಿನಿಂದ

ಒಂದು ವಾದ್ಯವನ್ನು ಧ್ವನಿಮುದ್ರಿಸುವುದೆಂದರೆ ಅದರಿಂದ ಹೊರಡುವ ನಾದವನ್ನು ಹಿಡಿದಿಡುವುದೆಂದೇ ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವೀಣೆಯನ್ನಾಗಲಿ ಪಿಟೀಲನ್ನಾಗಲಿ ಮುದ್ರಿಸುವವನಿಗೆ ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮೈಕ್ರೊಫೋನನ್ನು ಎಲ್ಲಿ ಇರಿಸಬೇಕೆಂಬುದೇ ಅವನ ಮುಖ್ಯ ಚಿಂತೆ. ಗಿಟಾರ್ ಸಿಂಥಸೈಜರಿನ ವಿಷಯ ಹಾಗಲ್ಲ. ಅದರಲ್ಲಿ ತಂತಿಯ ಕಂಪನ ಒಂದು. ಆ ಕಂಪನವನ್ನು ಕಂಡು ಯಂತ್ರವು ನಿರ್ಧರಿಸಿಕೊಂಡ ಸ್ವರ ಮತ್ತೊಂದು. ಆ ಸ್ವರಕ್ಕೆ ಯಂತ್ರವು ಕೊಡುವ ನಾದ ಇನ್ನೊಂದು. ಮೂರನ್ನೂ ಪ್ರತ್ಯೇಕವಾಗಿ ಮುದ್ರಿಸಬಹುದು. ಒಂದನ್ನು ಮಾತ್ರ ಮುದ್ರಿಸಿ ತೃಪ್ತರಾದೆವಾದರೆ ಉಳಿದೆರಡು ಮರಳಿ ಬಾರದಂತೆ ಹೋಗುತ್ತವೆ. ಈ ಮೂರರಲ್ಲಿ ಯಾವುದು ಏನನ್ನು ಉಳಿಸುತ್ತದೆ, ಏನನ್ನು ಕಳೆಯುತ್ತದೆ ಎಂಬುದನ್ನು ವಿವರಿಸಿ, ಮುಕ್ತ ತಂತ್ರಾಂಶಗಳ ಸಹಾಯದಿಂದ ಮೂರನ್ನೂ ಒಟ್ಟಿಗೆ ಮುದ್ರಿಸುವ ಕ್ರಮವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ವಾದ್ಯದ ಪರಿಚಯ. ಇಕುತಾರೊ ಕಾಕೆಹಾಶಿಯವರು 1972ರಲ್ಲಿ ಜಪಾನಿನಲ್ಲಿ ಸ್ಥಾಪಿಸಿದ ರೋಲ್ಯಾಂಡ್ ಸಂಸ್ಥೆಯು 1977ರಲ್ಲಿ ಜಿಆರ್-500 ಎಂಬ ಗಿಟಾರ್ ಸಿಂಥಸೈಜರನ್ನು ಹೊರತಂದಿತು. 1980ರಲ್ಲಿ ಬಂದ ಜಿಆರ್-300 ಇದಕ್ಕಿಂತ ಹೆಚ್ಚು ಪ್ರಸಿದ್ಧವಾಯಿತು. ಅಮೆರಿಕದ ಗಿಟಾರ್ ವಾದಕ ಪ್ಯಾಟ್ ಮೆಥೀನಿ 1982ರ ‘ಆಫ್‌ರ‍್ಯಾಂಪ್’ ಮುದ್ರಿಕೆಯಲ್ಲಿ ಅದನ್ನು ನುಡಿಸಿದ ರೀತಿಯನ್ನು ಕೇಳಿದವರಿಗೆ ಗಿಟಾರಿನಿಂದ ತುತ್ತೂರಿಯ ಜಾತಿಯ ದೀರ್ಘನಾದ ಹೊರಡುವುದು ಏನೆಂದು ತಿಳಿದಿರುತ್ತದೆ. ಈ ವಾದ್ಯಗಳಲ್ಲೆಲ್ಲ ಮೂಲಭೂತವಾದ ಅಂಗವೊಂದೇ: ಸೇತುವೆಯ ಬಳಿ ಪ್ರತಿಯೊಂದು ತಂತಿಯ ಕೆಳಗೂ ಪ್ರತ್ಯೇಕವಾದ ಒಂದು ಪುಟ್ಟ ಪಿಕಪ್. ಸಾಮಾನ್ಯ ವಿದ್ಯುತ್ ಗಿಟಾರಿನ ಪಿಕಪ್ ಆರು ತಂತಿಗಳ ಕಂಪನವನ್ನೂ ಬೆರೆಸಿ ಒಂದೇ ಸಂಕೇತವಾಗಿ ಕಳುಹಿಸುತ್ತದೆ. ಇಲ್ಲಿ ಆರು ಸಂಕೇತಗಳು ಬೇರೆಬೇರೆಯಾಗಿ ಹರಿಯುತ್ತವೆ. ಮುಂದೆ ರೂಢಿಗೆ ಬಂದ ಹದಿಮೂರು ಸೂಜಿಗಳ ಕೇಬಲ್ಲಿನಲ್ಲಿ ಆರು ಸೂಜಿಗಳು ಆರು ತಂತಿಗಳಿಗೆ ಮೀಸಲು, ಏಳನೆಯದು ಸಾಮಾನ್ಯ ಪಿಕಪ್ಪಿನ ಸಂಕೇತಕ್ಕೆ. ಉಳಿದವು ನಾದದ ಪ್ರಮಾಣ, ಸ್ವಿಚ್ಚುಗಳು, ವಿದ್ಯುತ್ ಪೂರೈಕೆ ಇತ್ಯಾದಿಗಳಿಗೆ. ಸಂಕೇತವನ್ನು ಅಂಕರೂಪದಲ್ಲಿಯೇ ಕಳುಹಿಸುವ ಹೊಸ ಪಿಕಪ್ 2023ರಲ್ಲಿ ಬಂದಿದೆಯಾದರೂ ಬಳಕೆಯಲ್ಲಿರುವ ಹಳೆಯ ವಾದ್ಯಗಳಲ್ಲಿ ಈ ಹದಿಮೂರು ಸೂಜಿಗಳ ಏರ್ಪಾಡೇ ಉಂಟು.

ಹೀಗೆ ಬಂದ ಆರು ಕಂಪನಗಳನ್ನು ಯಂತ್ರವು ಎರಡು ಬಗೆಯಾಗಿ ಉಪಯೋಗಿಸಿಕೊಳ್ಳಬಹುದು. ಒಂದನೆಯದು, ಕಂಪನವನ್ನೇ ಪದಾರ್ಥವಾಗಿ ತೆಗೆದುಕೊಂಡು ಅದರ ಆಕಾರವನ್ನು ಮಾರ್ಪಡಿಸುವುದು. 1995ರ ವಿಜಿ-8 ಈ ಮಾರ್ಗದ್ದು. ಎರಡನೆಯದು, ಕಂಪನದಿಂದ ಸ್ವರವನ್ನು ಗುರುತಿಸಿ, ಆ ಸ್ವರದ ಹೆಸರನ್ನು ಮಾತ್ರ ಮುಂದಕ್ಕೆ ಸಾಗಿಸಿ, ಬೇರೊಂದು ನಾದವನ್ನು ಹೊಸದಾಗಿ ಹುಟ್ಟಿಸುವುದು. ಸ್ವರದ ಹೆಸರನ್ನು ಸಾಗಿಸಲು ಬಳಸುವ ಭಾಷೆಗೆ ‘ಮಿಡಿ’ ಎಂದು ಹೆಸರು. 1983ರಲ್ಲಿ ಲೋಕಕ್ಕೆ ಪ್ರಕಟವಾದ ಈ ಸಂಕೇತಪದ್ಧತಿಗಾಗಿ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಸಂದಿತು. ಅದು ಇಂಗ್ಲಿಷಿನ ನಾಲ್ಕು ಮೊದಲಕ್ಷರಗಳ ಕೂಟ. ತಂತಿಯನ್ನು ಬೆರಳಿನಿಂದ ಮೀಟುವುದಕ್ಕೆ ಕನ್ನಡದಲ್ಲಿಯೂ ಮಿಡಿಯುವುದು ಎನ್ನುತ್ತೇವೆಂಬುದು ಕೇವಲ ಆಕಸ್ಮಿಕ. ಆದರೆ ನಮ್ಮ ಮಿಡಿತಕ್ಕೂ ಆ ಮಿಡಿಗೂ ನಡುವಣ ಅಂತರವೇ ಈ ಲೇಖನದ ವಿಷಯವೆಂದರೂ ಸಲ್ಲುತ್ತದೆ.

ಮಿಡಿ ಸಂದೇಶದಲ್ಲಿ ಇರುವುದೇನು? ಯಾವ ಸ್ವರ, ಎಷ್ಟು ಬಲವಾಗಿ, ಯಾವಾಗ ಮೊದಲಾಯಿತು, ಯಾವಾಗ ಮುಗಿಯಿತು. ಸ್ವರಕ್ಕೂ ಬಲಕ್ಕೂ 0ಯಿಂದ 127ರ ವರೆಗಿನ ಒಂದೊಂದು ಸಂಖ್ಯೆ. ತಂತಿಯನ್ನು ಸೇತುವೆಯ ಹತ್ತಿರ ಮೀಟಿದರೋ ನಡುವೆ ಮೀಟಿದರೋ, ಉಗುರಿನಿಂದಲೋ ಬೆರಳಿನ ಮಾಂಸಲ ಭಾಗದಿಂದಲೋ ಎಂಬುದು ಅಲ್ಲಿ ದಾಖಲಾಗುವುದಿಲ್ಲ. ಸ್ವರವನ್ನು ಗುರುತಿಸುವುದಕ್ಕೆ ಹೊತ್ತೂ ಬೇಕು. ಗಿಟಾರಿನ ಮಂದ್ರ ತಂತಿ ಸೆಕೆಂಡಿಗೆ 82.4 ಸಲ ಕಂಪಿಸುತ್ತದೆ. ಒಂದು ಕಂಪನಕ್ಕೆ ಸುಮಾರು 12 ಮಿಲಿಸೆಕೆಂಡು. ಅತ್ಯಂತ ಎತ್ತರದ ತಂತಿಯಲ್ಲಿ ಕಂಪನಸಂಖ್ಯೆ 329.6, ಅಲ್ಲಿ 3 ಮಿಲಿಸೆಕೆಂಡು ಸಾಕು. ಆವರ್ತವನ್ನು ಅಳೆದು ಸ್ವರವನ್ನು ತಿಳಿಯುವ ಸಾಮಾನ್ಯ ಕ್ರಮದಲ್ಲಿ ಯಂತ್ರವು ಒಂದೆರಡು ಕಂಪನಗಳನ್ನಾದರೂ ಪೂರ್ತಿಯಾಗಿ ಕಾಣಬೇಕು. ಎರಡು ಕಂಪನಗಳೆಂದರೆ ಮಂದ್ರ ತಂತಿಯಲ್ಲಿ 24 ಮಿಲಿಸೆಕೆಂಡು. ಅಷ್ಟು ಹೊತ್ತಿನಲ್ಲಿ ಶಬ್ದವು ಗಾಳಿಯಲ್ಲಿ ಎಂಟು ಮೀಟರು ಸಾಗುತ್ತದೆ. ಆದುದರಿಂದ ಮಂದ್ರದಲ್ಲಿ ವಾದಕನಿಗೆ ತನ್ನ ವಾದ್ಯ ಕೋಣೆಯ ಆಚೆ ತುದಿಯಿಂದ ಉತ್ತರಿಸಿದಂತೆ ಭಾಸವಾಗುತ್ತದೆ, ತಾರದಲ್ಲಿ ಪಕ್ಕದಲ್ಲಿಯೇ ಇದ್ದಂತೆ. ಈ ವಿಳಂಬ ಗಣಕಯಂತ್ರದ ತಪ್ಪಲ್ಲ, ತಂತ್ರಾಂಶದ ತಪ್ಪೂ ಅಲ್ಲ. ವಿದ್ಯಾರ್ಥಿಗಳು ಇದನ್ನು ತಿಳಿಯದೆ ಗಣಕಯಂತ್ರದ ವ್ಯವಸ್ಥೆಯನ್ನು ದಿನಗಟ್ಟಲೆ ತಿದ್ದುತ್ತ ಕೂಡುವುದನ್ನು ನಾವು ಕಂಡಿದ್ದೇವೆ.

ಇನ್ನು ಗಮಕ. ಮಿಡಿ ಪದ್ಧತಿಯನ್ನು ರೂಪಿಸುವಾಗ ಮುಖ್ಯವಾಗಿ ಕಣ್ಣ ಮುಂದೆ ಇದ್ದದ್ದು ಮನೆಗಳುಳ್ಳ ಕೀಬೋರ್ಡು. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ. ಸ್ವರವನ್ನು ಬಾಗಿಸಲು ‘ಪಿಚ್ ಬೆಂಡ್’ ಎಂಬ ಪ್ರತ್ಯೇಕ ಸಂದೇಶವನ್ನು ಇರಿಸಿದರು. ಇದರಲ್ಲಿ 16,384 ಹಂತಗಳುಂಟು. ಆದರೆ ಆ ಹಂತಗಳೆಲ್ಲ ಸೇರಿ ಎಷ್ಟು ಸ್ವರಸ್ಥಾನಗಳನ್ನು ವ್ಯಾಪಿಸುತ್ತವೆ ಎಂಬುದು ಸಂದೇಶದೊಳಗೆ ಇರುವುದಿಲ್ಲ. ಕಳುಹಿಸುವ ಯಂತ್ರವೂ ಸ್ವೀಕರಿಸುವ ಯಂತ್ರವೂ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು. ರೂಢಿಯ ಪ್ರಮಾಣ ಮೇಲಕ್ಕೆ ಎರಡು, ಕೆಳಕ್ಕೆ ಎರಡು ಸ್ವರಸ್ಥಾನ. ಗಿಟಾರಿಗೆ ಇದು ಸಾಲದೆಂದು ಗಿಟಾರ್ ಸಿಂಥಸೈಜರುಗಳಲ್ಲಿ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಸ್ವರಸ್ಥಾನಗಳ ವ್ಯಾಪ್ತಿಯನ್ನು ಇರಿಸುವುದುಂಟು. ಇಪ್ಪತ್ತನಾಲ್ಕೆಂದು ಇಟ್ಟುಕೊಂಡರೂ ಒಂದು ಸ್ವರಸ್ಥಾನಕ್ಕೆ ಸುಮಾರು 341 ಹಂತಗಳು ದೊರೆಯುತ್ತವೆ. ಕಿವಿಗೆ ಅದು ಧಾರಾಳವಾಗಿ ಸಾಕು.

ನಮ್ಮ ಮೊದಲ ಪ್ರಯೋಗದಲ್ಲಿ ನಾವು ಎಡವಿದ್ದು ಇಲ್ಲಿಯೇ. ತೋಡಿ ರಾಗದ ಗಾಂಧಾರವು ಶುದ್ಧ ರಿಷಭಕ್ಕೂ ಶುದ್ಧ ಮಧ್ಯಮಕ್ಕೂ ನಡುವೆ ತೂಗುವ ಸ್ವರವೆಂಬುದನ್ನು ಸಂಗೀತಾಭ್ಯಾಸಿಗಳು ಬಲ್ಲರು. ರಿಷಭದ ಮೆಟ್ಟಿಲಿನಲ್ಲಿ ತಂತಿಯನ್ನು ಎಳೆದು ನುಡಿಸಿದ ಆ ಗಾಂಧಾರವನ್ನು ಮುದ್ರಿಸಿಕೊಂಡೆವು. ಸಿಂಥಸೈಜರಿನಲ್ಲಿ ವ್ಯಾಪ್ತಿ ಇಪ್ಪತ್ತನಾಲ್ಕು ಇದ್ದಿತು. ಆ ಒಪ್ಪಂದದ ಸಂದೇಶವನ್ನು ಯಂತ್ರವು ಚಾಲೂ ಆದೊಡನೆ ಕಳುಹಿಸಿಬಿಟ್ಟಿತ್ತು. ನಾವು ಮುದ್ರಣವನ್ನು ಆರಂಭಿಸಿದ್ದು ಅನಂತರ. ಮರುದಿನ ಅದೇ ಮಿಡಿ ಕಡತವನ್ನು ಫ್ಲೂಯಿಡ್‌ಸಿಂತ್ ಎಂಬ ಮುಕ್ತ ತಂತ್ರಾಂಶದಲ್ಲಿ ಕೇಳಿದಾಗ ರಿಷಭವು ಅಲುಗಿದಂತೆ ಕೇಳಿಸಿತೇ ಹೊರತು ಗಾಂಧಾರ ಬರಲೇ ಇಲ್ಲ. ಫ್ಲೂಯಿಡ್‌ಸಿಂತ್ ತನ್ನ ರೂಢಿಯಂತೆ ಎರಡು ಸ್ವರಸ್ಥಾನಗಳ ವ್ಯಾಪ್ತಿಯನ್ನೇ ಹಿಡಿದಿದ್ದಿತು. ನಾಲ್ಕು ಸ್ವರಸ್ಥಾನಗಳ ಎಳೆತ ಹನ್ನೆರಡನೆಯ ಒಂದು ಪಾಲಿಗೆ ಕುಗ್ಗಿ, ಸ್ವರಸ್ಥಾನವೊಂದರ ಮೂರನೆಯ ಒಂದು ಭಾಗವಾಗಿ ಉಳಿದಿತ್ತು. ಮಾಹಿತಿಯೇನೂ ನಾಶವಾಗಿರಲಿಲ್ಲ, ಅದನ್ನು ಓದುವ ಕೀಲಿ ಮಾತ್ರ ಕಡತದಲ್ಲಿರಲಿಲ್ಲ. ಸಿಂಥಸೈಜರಿನ ನಾದವನ್ನೂ ಅದೇ ವೇಳೆಯಲ್ಲಿ ಮುದ್ರಿಸಿದ್ದರಿಂದ ಎರಡನ್ನೂ ಹೋಲಿಸಿ ತಪ್ಪನ್ನು ಕಂಡುಕೊಂಡೆವು. ಮಿಡಿ ಕಡತ ಒಂದೇ ಇದ್ದಿದ್ದರೆ ವಾದಕನೇ ಹಾಗೆ ನುಡಿಸಿದನೆಂದು ನಂಬಿಬಿಡುತ್ತಿದ್ದೆವು.

ಇದಕ್ಕೆ ಹೊಂದಿದ ಮತ್ತೊಂದು ಎಚ್ಚರಿಕೆ. ಪಿಚ್ ಬೆಂಡ್ ಸಂದೇಶವು ಒಂದು ಚಾನೆಲ್ಲಿನಲ್ಲಿ ಮೊಳಗುತ್ತಿರುವ ಸ್ವರಗಳನ್ನೆಲ್ಲ ಒಟ್ಟಿಗೆ ಬಾಗಿಸುತ್ತದೆ. ಆದುದರಿಂದ ಆರು ತಂತಿಗಳಿಗೆ ಆರು ಚಾನೆಲ್ಲುಗಳನ್ನು ಕೊಡುವ ‘ಮೋನೊ’ ಕ್ರಮವನ್ನೇ ಆರಿಸಬೇಕು. ಎಲ್ಲವನ್ನೂ ಒಂದೇ ಚಾನೆಲ್ಲಿಗೆ ತುಂಬಿದರೆ, ಮೇಲಿನ ತಂತಿಯಲ್ಲಿ ಗಮಕವನ್ನು ನುಡಿಸುವಾಗ ಕೆಳಗಿನ ತಂತಿಯ ಶ್ರುತಿಯೂ ಜೊತೆಯಲ್ಲಿಯೇ ಓಲಾಡುತ್ತದೆ.

ಈಗ ತಂತ್ರಾಂಶಗಳ ವಿಚಾರ. ಆಡಾಸಿಟಿ ಎಂಬ ತಂತ್ರಾಂಶವನ್ನು ವಿದ್ಯಾರ್ಥಿಗಳಲ್ಲಿ ಬಹುಮಂದಿ ಬಲ್ಲರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದ ಅದು ನಾದವನ್ನು ಮುದ್ರಿಸುವುದಕ್ಕೆ ಉತ್ತಮ ಸಾಧನ. ಆದರೆ ಮಿಡಿಯನ್ನು ಅದು ಮುದ್ರಿಸಲಾರದು. ನಮ್ಮ ಕೆಲಸಕ್ಕೆ ಬೇಕಾದದ್ದು ಆರ್ಡರ್. ಪಾಲ್ ಡೇವಿಸ್ ಎಂಬವರು ಪ್ರಧಾನವಾಗಿ ರಚಿಸಿದ ಈ ತಂತ್ರಾಂಶದಲ್ಲಿ 2013ರ ಮೂರನೆಯ ಆವೃತ್ತಿಯಿಂದ ನಾದ ಮತ್ತು ಮಿಡಿ ಎರಡನ್ನೂ ಏಕಕಾಲದಲ್ಲಿ, ಒಂದೇ ಕಾಲರೇಖೆಯ ಮೇಲೆ, ಮುದ್ರಿಸುವ ಅನುಕೂಲವಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಇದರ ಕೆಳಗೆ ಆಲ್ಸಾ ಎಂಬ ಭಾಗವು ಯಂತ್ರಾಂಶದೊಡನೆ ಮಾತನಾಡುತ್ತದೆ. ಡೇವಿಸ್ ಅವರದೇ ಆದ ಜ್ಯಾಕ್, ಅಥವಾ ಅದರ ಕಾರ್ಯವನ್ನು ನಿರ್ವಹಿಸಬಲ್ಲ ಈಚಿನ ಪೈಪ್‌ವೈರ್, ತಂತ್ರಾಂಶಗಳ ನಡುವೆ ನಾದವನ್ನು ಸಾಗಿಸುತ್ತದೆ. ಯುಎಸ್‌ಬಿ ನಾದಸಾಧನಗಳಿಗೆ ವಿಧಿಸಿರುವ ಸಾಮಾನ್ಯ ನಿಯಮವನ್ನು ಅನುಸರಿಸುವ ಪೆಟ್ಟಿಗೆಯನ್ನು ಕೊಂಡರೆ ತಯಾರಕರ ಚಾಲಕ ತಂತ್ರಾಂಶದ ಹಂಗಿಲ್ಲದೆ ಅದು ಕೆಲಸ ಮಾಡುತ್ತದೆ. ಕೊಳ್ಳುವ ಮುನ್ನ ಈ ಒಂದನ್ನು ವಿಚಾರಿಸಿಕೊಳ್ಳದೆ ಹಣವನ್ನು ಕಳೆದುಕೊಂಡವರಿದ್ದಾರೆ.

ಜೋಡಣೆ ಹೀಗೆ. ಸಿಂಥಸೈಜರಿನ ಎಡ ಬಲ ನಾದಗಳು ಪೆಟ್ಟಿಗೆಯ ಎರಡು ಲೈನ್ ದ್ವಾರಗಳಿಗೆ. ಗಿಟಾರಿನ ಸಾದಾ ಪಿಕಪ್ಪಿನ ಸಂಕೇತವು ವಾದ್ಯಗಳಿಗೆಂದೇ ಇರುವ ಅಧಿಕ ಪ್ರತಿರೋಧದ ಮೂರನೆಯ ದ್ವಾರಕ್ಕೆ. ಮಿಡಿಯು ಯುಎಸ್‌ಬಿ ಅಥವಾ ಐದು ಸೂಜಿಗಳ ಕೇಬಲ್ಲಿನ ಮೂಲಕ ಗಣಕಯಂತ್ರಕ್ಕೆ. ಐದು ಸೂಜಿಗಳ ಕೇಬಲ್ಲಿನಲ್ಲಿ ಒಂದು ಸ್ವರದ ಸಂದೇಶ ಸಾಗಲು ಸುಮಾರು ಒಂದು ಮಿಲಿಸೆಕೆಂಡು ಬೇಕು; ಆರು ತಂತಿಗಳನ್ನು ಒಮ್ಮೆಗೇ ಮೀಟಿದರೆ ಕೊನೆಯ ಸ್ವರ ಆರು ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ಯುಎಸ್‌ಬಿಯಲ್ಲಿ ಈ ತೊಡಕಿಲ್ಲ. ಆರ್ಡರಿನಲ್ಲಿ ನಾದಕ್ಕೆ ಎರಡು ಟ್ರ್ಯಾಕುಗಳು, ಮಿಡಿಗೆ ಒಂದು. ಮಿಡಿ ಟ್ರ್ಯಾಕು ಎಲ್ಲ ಚಾನೆಲ್ಲುಗಳನ್ನೂ ಇದ್ದಂತೆಯೇ ಸ್ವೀಕರಿಸುವಂತಿರಲಿ. ಸೆಕೆಂಡಿಗೆ 48,000 ಮಾದರಿಗಳು, 128 ಮಾದರಿಗಳ ಕಂತು ಎಂದು ಇರಿಸಿಕೊಂಡರೆ ಒಂದು ಕಂತಿಗೆ 2.7 ಮಿಲಿಸೆಕೆಂಡಿಗೂ ಕಡಿಮೆ. ಹಳೆಯ ಗಣಕಯಂತ್ರಕ್ಕೆ ಇದು ಭಾರವಾಗಿ ನಾದದಲ್ಲಿ ಚಟಪಟ ಸದ್ದು ಬಂದರೆ ಸಂಕೋಚವಿಲ್ಲದೆ 512ಕ್ಕೆ ಏರಿಸಬಹುದು. ಏಕೆಂದರೆ ವಾದಕನು ತನ್ನ ನಾದವನ್ನು ಗಣಕಯಂತ್ರದ ಮೂಲಕ ಕೇಳಬೇಕಾದ ಅಗತ್ಯವೇ ಇಲ್ಲ. ಸಿಂಥಸೈಜರಿನಿಂದ, ಇಲ್ಲವೆ ಪೆಟ್ಟಿಗೆಯಿಂದ, ನೇರವಾಗಿ ಕೇಳಿದರಾಯಿತು. ನಾದದ ಶಿಖರವು ಗರಿಷ್ಠಕ್ಕಿಂತ ಹನ್ನೆರಡು ಡೆಸಿಬೆಲ್ ಕೆಳಗೆ ನಿಲ್ಲುವಂತೆ ನೋಡಿಕೊಂಡರೆ ಸಾಕು. ಕೆಂಪು ದೀಪದ ಅಂಚಿನಲ್ಲಿ ಮುದ್ರಿಸುವುದು ಟೇಪಿನ ಕಾಲದ ಅಭ್ಯಾಸ.

ಮುದ್ರಿಸಿದ ಮಿಡಿಯನ್ನು ಅದೇ ಸಿಂಥಸೈಜರಿಗೆ ಹಿಂದಕ್ಕೆ ಕಳುಹಿಸಿ ಅದರ ನಾದವನ್ನು ಮತ್ತೆ ಪಡೆಯಬಹುದು, ಬದಲಿಸಲೂಬಹುದು. ಆದರೆ ವಿಜಿ-8ರ ಮಾರ್ಗದ ನಾದಗಳು, ಎಂದರೆ ಕಂಪನವನ್ನೇ ಪದಾರ್ಥವಾಗಿ ಬಳಸುವಂಥವು, ಮಿಡಿಯಿಂದ ಎಂದಿಗೂ ಮರಳಿ ಹುಟ್ಟುವುದಿಲ್ಲ. ಅವುಗಳ ಪಾಲಿಗೆ ನಾದದ ಮುದ್ರಣವೇ ಗತಿ. ಹದಿಮೂರು ಸೂಜಿಗಳ ಸಂಕೇತಗಳನ್ನು ಬಿಡಿಸಿ ಕೊಡುವ ಪೆಟ್ಟಿಗೆಯೊಂದನ್ನು ಹೊಂದಿಸಿಕೊಳ್ಳಲು ಶಕ್ತರಾದವರು ಆರು ತಂತಿಗಳನ್ನೂ ಆರು ಟ್ರ್ಯಾಕುಗಳಲ್ಲಿ ಮುದ್ರಿಸುವುದು ಮೇಲು. ನಮ್ಮ ಮಟ್ಟಿಗೆ ಹೇಳುವುದಾದರೆ, ಒಂದನ್ನೇ ಆರಿಸಬೇಕಾಗಿ ಬಂದಲ್ಲಿ ಮಿಡಿಯನ್ನು ಬಿಟ್ಟೇವು, ತಂತಿಯ ಸಾದಾ ನಾದವನ್ನು ಬಿಡೆವು. ಸ್ವರವನ್ನು ಗುರುತಿಸುವ ವಿಧಾನಗಳು ಸುಧಾರಿಸುತ್ತಿವೆ. ಇಂದು ಯಂತ್ರವು ತಪ್ಪಾಗಿ ಓದಿದ ತಂತಿಯನ್ನು ನಾಳೆ ಮತ್ತೊಂದು ಸರಿಯಾಗಿ ಓದೀತು, ತಂತಿಯ ನಾದ ಉಳಿದಿದ್ದರೆ. ಬೆರಳು ಸವರಿದ್ದರಿಂದಲೋ ಪಕ್ಕದ ತಂತಿಯ ಅನುರಣನದಿಂದಲೋ ಹುಟ್ಟಿದ ಸುಳ್ಳು ಸ್ವರಗಳನ್ನು ಮಿಡಿ ಟ್ರ್ಯಾಕಿನಿಂದ ಅಳಿಸುವ ಮೊದಲು ಅದರ ಪ್ರತಿಯೊಂದನ್ನು ತೆಗೆದಿರಿಸಬೇಕೆಂಬುದೂ ಇದೇ ಕಾರಣದಿಂದ.

ಈ ಮೂರು ನಾದವಾಹಿನಿಗಳಿಗೆ, 32 ಬಿಟ್ಟುಗಳ ಮಾದರಿಯಲ್ಲಿ, ಗಂಟೆಗೆ ಸುಮಾರು ಎರಡು ಗಿಗಾಬೈಟ್ ಸ್ಥಳ ಬೇಕಾಗುತ್ತದೆ. ಆರು ತಂತಿಗಳನ್ನೂ ಸೇರಿಸಿದರೆ ಆರು ಗಿಗಾಬೈಟಿಗಿಂತ ಸ್ವಲ್ಪ ಹೆಚ್ಚು. ಮಿಡಿಯ ಗಾತ್ರ ಲೆಕ್ಕಕ್ಕೆ ಬರುವಂಥದಲ್ಲ. ಆರ್ಡರಿನ ಮುದ್ರಣವೆಂದರೆ ಒಂದು ಫೋಲ್ಡರು: ನಾದವು ವೇವ್ ಕಡತಗಳಲ್ಲಿಯೂ ಸ್ವರಗಳು ಸಾಧಾರಣ ಮಿಡಿ ಕಡತಗಳಲ್ಲಿಯೂ ಇರುತ್ತವೆ; ಅವುಗಳ ಜೋಡಣೆಯ ವಿವರ ಎಕ್ಸ್‌ಎಂಎಲ್ ಎಂಬ ಓದಬಲ್ಲ ಪಠ್ಯವಾಗಿರುತ್ತದೆ. ಆರ್ಡರ್ ಇಲ್ಲದ ಗಣಕಯಂತ್ರದಲ್ಲಿಯೂ ಇವುಗಳನ್ನು ತೆರೆಯಬಹುದು. ಅದೇ ಫೋಲ್ಡರಿನಲ್ಲಿ ನಾವು ಒಂದು ಪುಟದ ಟಿಪ್ಪಣಿಯನ್ನೂ ಇರಿಸುತ್ತೇವೆ: ವಾದ್ಯದ ಹೆಸರು, ಬಳಸಿದ ನಾದದ ಸಂಖ್ಯೆ, ತಂತಿಗಳ ಶ್ರುತಿ, ಪ್ರತಿ ತಂತಿಯ ಚಾನೆಲ್, ಮತ್ತು ಮೊದಲ ಪ್ರಯೋಗದ ಬಳಿಕ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಪಿಚ್ ಬೆಂಡಿನ ವ್ಯಾಪ್ತಿ.