ಹಲ್ಲಿನ ಮೇಲೆ ಊರಿನ ನೀರು

ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಒಂದೇ ಮನೆಯ ಮೂವರು ಹೆಂಗಸರು ಜಗಲಿಯ ಮೇಲೆ ಕೂತಿದ್ದಾರೆ. ಅಜ್ಜಿಯ ಬಾಯಲ್ಲಿ ಉಳಿದ ನಾಲ್ಕಾರು ಹಲ್ಲುಗಳು ಎಲೆ-ಅಡಿಕೆಯಿಂದ ಕೆಂಪಾಗಿವೆ, ಬುಡ ಸಡಿಲವಾಗಿದೆ. ಆದರೆ ಆ ಕೆಂಪಿನ ಅಡಿಯಲ್ಲಿ ಹಲ್ಲಿನ ಮೈ ನುಣುಪಾಗಿಯೇ ಇದೆ. ಸೊಸೆ ಲಕ್ಕವಳ್ಳಿ ಕಡೆಯವಳು, ಭದ್ರಾ ಹೊಳೆಯ ನೀರು ಕುಡಿದು ಬೆಳೆದವಳು. ಅವಳ ಹಲ್ಲು ಬೆಳ್ಳಗಿವೆ. ಎಂಟನೇ ತರಗತಿಯ ಮೊಮ್ಮಗಳು ಮಾತಾಡುವಾಗಲೆಲ್ಲ ಅಂಗೈ ಬಾಯಿಗೆ ಅಡ್ಡ ಹೋಗುತ್ತದೆ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ನಡುನಡುವೆ ಸೀಮೆಸುಣ್ಣದ ಹಾಗೆ ಮಂಕಾದ ಬಿಳಿ ಮಚ್ಚೆ. ಆ ಮನೆಯಲ್ಲಿ ದಿನಾ ಎರಡು ಹೊತ್ತು ಬ್ರಷ್ ಹಿಡಿಯುವವಳು ಅವಳೊಬ್ಬಳೇ.

ಇಂಥ ಮನೆಗಳನ್ನು ಈ ಸೀಮೆಯಲ್ಲಿ ಹುಡುಕಿಕೊಂಡು ಹೋಗಬೇಕಿಲ್ಲ. ಅಜ್ಜಿ ಚಿಕ್ಕವಳಾಗಿದ್ದಾಗ ಊರಿಗೆ ಸೇದುವ ಬಾವಿ ಇತ್ತು. ಮೇಲ್ಪದರದ ನೀರು, ಮಳೆ ಬಂದರೆ ಏರುತ್ತಿತ್ತು, ಬೇಸಿಗೆಗೆ ಇಳಿಯುತ್ತಿತ್ತು. ಆಮೇಲೆ ಕೊಳವೆಬಾವಿ ಬಂತು. ಬಾವಿಗಳು ಬತ್ತಿದವು, ಕೊಳವೆಬಾವಿ ಇನ್ನೂ ಆಳಕ್ಕೆ ಹೋಯಿತು. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅಲ್ಲಿನ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳು ಈ ಗೆರೆಯನ್ನು ದಾಟಿವೆ. ಬಿಸಿಲ ನಾಡು ಬೇರೆ; ಹೊಲದಲ್ಲಿ ದುಡಿಯುವ ಮೈ ಬೇಡುವ ನೀರೂ ಹೆಚ್ಚು.

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ಗೆ 1901ರಲ್ಲಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ ಇಂಥದೇ ಕಂದು ಹಲ್ಲುಗಳನ್ನು ಕಂಡು ಬೆರಗಾದ. ಅಲ್ಲೇ ಹುಟ್ಟಿ ಬೆಳೆದವರಿಗಷ್ಟೇ ಕಲೆ ಇತ್ತು, ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಇರಲಿಲ್ಲ. ನೀರಿನಲ್ಲಿರುವ ಫ್ಲೋರೈಡೇ ಕಾರಣ ಎಂದು ಗೊತ್ತಾದದ್ದು 1931ರಲ್ಲಿ. ನಮ್ಮ ಜಗಲಿಯ ಸೊಸೆಯ ಹಲ್ಲು ಹೇಳುವುದೂ ಇದನ್ನೇ. ಶಾಶ್ವತ ಹಲ್ಲು ಬಾಯಲ್ಲಿ ಕಾಣಿಸಿಕೊಳ್ಳುವುದು ಆರು-ಏಳನೇ ವರ್ಷದಲ್ಲಾದರೂ ಮುಂದಿನ ಹಲ್ಲುಗಳ ಮೇಲ್ಪದರ ದವಡೆಯೊಳಗೆ ಕಟ್ಟಿಕೊಳ್ಳುವುದು ಹುಟ್ಟಿದ ಮೊದಲ ಮೂರು-ನಾಲ್ಕು ವರ್ಷಗಳಲ್ಲಿ. ಏಳನೇ ವರ್ಷದಲ್ಲಿ ಕಂಡ ಕಲೆ ಎರಡನೇ ವರ್ಷದಲ್ಲಿ ಕುಡಿದ ನೀರಿನದು. ಮಗು ಬ್ರಷ್ ಹಿಡಿಯುವ ಮೊದಲೇ ಆಗಬೇಕಾದದ್ದು ಆಗಿಹೋಗಿರುತ್ತದೆ.

ಹೀಗಿರುವಾಗ ಶಾಲೆಯಲ್ಲಿ, ನೆಂಟರ ಮನೆಯಲ್ಲಿ, ಬಸ್ಸಿನಲ್ಲಿ ಈ ಮಕ್ಕಳಿಗೆ ಎದುರಾಗುವ ಪ್ರಶ್ನೆ ಒಂದೇ: ‘ಹಲ್ಲು ಉಜ್ಜಲ್ವಾ ನೀನು?’ ಇದರಷ್ಟು ಅನ್ಯಾಯದ ಮಾತು ಇನ್ನೊಂದಿಲ್ಲ. ಊರಿನ ನೀರಿನ ತಪ್ಪನ್ನು ಮಗುವಿನ ತಲೆಗೆ ಕಟ್ಟಿದ ಹಾಗೆ. ಇದ್ದಿಲು, ಬೂದಿ, ನಿಂಬೆಹಣ್ಣಿನ ಸಿಪ್ಪೆ, ಉಪ್ಪು ಎಂದು ತಿಕ್ಕಿ ತಿಕ್ಕಿ ಇದ್ದ ಎನಾಮಲನ್ನೂ ಸವೆಸಿಕೊಳ್ಳುವ ಹುಡುಗಿಯರಿದ್ದಾರೆ. ಹೆಣ್ಣು ನೋಡಲು ಬಂದವರ ಮುಂದೆ ತುಟಿ ಬಿಚ್ಚದೆ ಕೂತವರಿದ್ದಾರೆ. ಹುಡುಗರಿಗೂ ನಾಚಿಕೆ ಇಲ್ಲದಿಲ್ಲ. ಮೀಸೆ ಬಂದರೆ ಅವರಿಗೆ ಅಷ್ಟೊಂದು ಕೇಳುವವರಿಲ್ಲ, ಅಷ್ಟೇ. ಸೌಮ್ಯ ಕಲೆಯಿಂದ ನೋವಿಲ್ಲ, ಅಗಿಯಲು ತೊಂದರೆಯಿಲ್ಲ, ಆದ್ದರಿಂದ ಅದು ಕಾಯಿಲೆಯೇ ಅಲ್ಲ ಎಂದು ಕೈತೊಳೆದುಕೊಳ್ಳುವುದು ಸುಲಭ. ನಗಲು ಹಿಂಜರಿಯುವ ಹದಿನಾಲ್ಕರ ಹುಡುಗಿಗೆ ಹಾಗೆ ಹೇಳಿ ನೋಡಿ.

ಒಂದೇ ಜಿಲ್ಲೆಯೊಳಗೂ ಎಲ್ಲರ ನೀರು ಒಂದೇ ಅಲ್ಲ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿಯಿತು. ಹಿರಿಯೂರು ಪಟ್ಟಣ ಕುಡಿಯುವುದು ಅದರ ನೀರನ್ನು. ಚಿತ್ರದುರ್ಗ ನಗರಕ್ಕೆ ಅದರ ಜೊತೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದ ನೀರೂ ಬರುತ್ತದೆ. ಜಲಾಶಯದ ನೀರಿನಲ್ಲಿ ಫ್ಲೋರೈಡ್ ಕಡಿಮೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16.59 ಲಕ್ಷ, ಅದರಲ್ಲಿ ಐದಕ್ಕೆ ನಾಲ್ವರು ಹಳ್ಳಿಯವರು. ಪರಿಶಿಷ್ಟ ಜಾತಿ ಮತ್ತು ಪಂಗಡದವರೇ ನೂರಕ್ಕೆ ನಲವತ್ತಕ್ಕೂ ಹೆಚ್ಚು. ಮಾರಿಕಣಿವೆಯ ಕೊಳವೆ ಹೋಗದ ಗೊಲ್ಲರಹಟ್ಟಿಗೆ, ಲಂಬಾಣಿ ತಾಂಡಾಕ್ಕೆ, ಊರಾಚೆಯ ಕಾಲೊನಿಗೆ ಕೊಳವೆಬಾವಿಯೇ ಗತಿ. ಜಾತಿಗೂ ಹಲ್ಲಿಗೂ ಏನು ಸಂಬಂಧ ಎನ್ನುವವರು ಕೊಳವೆಯ ದಾರಿ ಹಿಡಿದು ನಡೆದರೆ ಸಾಕು.

ಶುದ್ಧ ನೀರಿನ ಘಟಕಗಳು ಬಂದವಲ್ಲ ಎನ್ನಬಹುದು. ಬಂದಿವೆ, ಬಹಳ ಉಪಕಾರವೂ ಆಗಿದೆ. ಆದರೆ ನಾಣ್ಯ ಹಾಕಿ ತುಂಬಿಸಿಕೊಂಡ ಇಪ್ಪತ್ತು ಲೀಟರಿನ ಕ್ಯಾನು ಮನೆ ಸೇರಲು ಬೈಕ್ ಬೇಕು, ಬೈಕ್ ಓಡಿಸುವ ಕೈ ಬೇಕು. ಮಗ ಬೆಂಗಳೂರಿಗೆ ದುಡಿಯಲು ಹೋದ ಮನೆಯ ಮುದುಕ-ಮುದುಕಿ, ಬೆಳಗಾದರೆ ಕೂಲಿಗೆ ಓಡುವ ಒಂಟಿ ಹೆಂಗಸು ನಲ್ಲಿಯ ನೀರನ್ನೇ ಕುಡಿಯುತ್ತಾರೆ. ಘಟಕ ಕೆಟ್ಟರೆ ರಿಪೇರಿಯವನು ಬರುವವರೆಗೆ ಎಲ್ಲರದೂ ಅದೇ ಪಾಡು. ಇನ್ನೊಂದು ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾನಿನ ನೀರು ಕುಡಿಯಲಿಕ್ಕೆ ಮಾತ್ರ. ಮುದ್ದೆಗೆ ಎಸರಿಡುವುದು, ಬೇಳೆ ಬೇಯಿಸುವುದು, ಟೀ ಕಾಯಿಸುವುದು ಕೊಳವೆಬಾವಿಯ ನೀರಿನಲ್ಲೇ. ಕುದಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ದಟ್ಟವಾಗುತ್ತದೆ. ಎಸರು ಹೀರಿಕೊಂಡ ಹಿಟ್ಟಿನ ಜೊತೆಗೇ ಅದು ಒಳಕ್ಕೆ ಹೋಗುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ ಇರುವುದು ಈ ನಾಡಿನ ಪುಣ್ಯ. ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ಮೈಗೆ ಸೇರುವುದನ್ನು ತಗ್ಗಿಸುತ್ತದೆ. 2013ರಲ್ಲಿ ಶಾಲೆ-ಅಂಗನವಾಡಿಗಳಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೆ ಇಲ್ಲಿ ಬೇರೆಡೆಗಿಂತ ಹೆಚ್ಚಿನ ಬೆಲೆ ಇರುವುದೂ ಅದಕ್ಕೇ.

ಮುದ್ದೆಯ ಮಾತು ಬಂದದ್ದರಿಂದ ಹಿರಿಯರ ಕಡೆಗೆ ಬರುತ್ತೇನೆ. ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಲ್ಲು ಒಂದೊಂದಾಗಿ ಉದುರಿದರೂ ಊಟ ನಿಲ್ಲುವುದಿಲ್ಲ. ಬಾಯಿಯ ತೊಂದರೆ ಬದುಕಿನ ನೆಮ್ಮದಿಯನ್ನು ಎಷ್ಟು ಕೆಡಿಸಿದೆ ಎಂದು ಅಳೆಯಲು ದಂತಾರೋಗ್ಯ ಸಂಶೋಧಕ ಗ್ಯಾರಿ ಸ್ಲೇಡ್ 1997ರಲ್ಲಿ 14 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು, ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಊಟಕ್ಕೆ ತೊಂದರೆಯಾಗಿದೆಯೇ, ಮುಜುಗರವಾಗಿದೆಯೇ, ಕೆಲಸ ಕೆಟ್ಟಿದೆಯೇ ಎಂದೆಲ್ಲ ಅದು ಕೇಳುತ್ತದೆ. ಹೊಳಲ್ಕೆರೆ ಕಡೆಯ ಎಪ್ಪತ್ತು ದಾಟಿದ ಅಜ್ಜನಿಗೆ ಕೇಳಿ ನೋಡಿ. ‘ವಯಸ್ಸಾತಲ್ಲ, ಇನ್ನೆಲ್ಲಿ ಹಲ್ಲು ಇರ್ತವೆ ತಗಳಪ್ಪ. ಮುದ್ದೆ ಇಳಿತದೆ’ ಎನ್ನುತ್ತಾನೆ. ತೊಂದರೆ ಇಲ್ಲ ಎಂದು ಗುರುತು ಹಾಕಿಕೊಳ್ಳಬೇಕು. ಆದರೆ ಅವನು ಹುರಿದ ಶೇಂಗಾ ಬಿಟ್ಟು ಎಷ್ಟು ವರ್ಷವಾಯಿತು? ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿಂದದ್ದು ಯಾವಾಗ? ಹಬ್ಬದ ಬಾಡೂಟದಲ್ಲಿ ತುಂಡುಗಳನ್ನು ಮೊಮ್ಮಕ್ಕಳ ತಟ್ಟೆಗೆ ದಾಟಿಸಿ ಬರೀ ಸಾರು ಸುರಿದುಕೊಳ್ಳುವುದು ಅವನ ಔದಾರ್ಯವಷ್ಟೇ ಅಲ್ಲ.

ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಬೇರೆ ಸಂದರ್ಭದಲ್ಲಿ ಎತ್ತಿ ತೋರಿಸಿದ್ದರು. ಆಯಸ್ಸು ಹೆಚ್ಚಿರುವ ಕೇರಳದ ಜನ ತಮಗೆ ಕಾಯಿಲೆಯಿದೆ ಎಂದು ಹೆಚ್ಚು ಹೇಳಿಕೊಳ್ಳುತ್ತಾರೆ; ಬಿಹಾರದವರು ಕಡಿಮೆ. ಓದು, ಆಸ್ಪತ್ರೆಯ ಒಡನಾಟ ಇದ್ದವರಿಗೆ ತಮ್ಮ ನೋವು ಪರಿಹಾರವಿರುವ ನೋವು ಎಂದು ಗೊತ್ತಿರುತ್ತದೆ. ಇಲ್ಲದವರು ಅದನ್ನು ಹಣೆಬರಹಕ್ಕೆ ಸೇರಿಸುತ್ತಾರೆ. ಆದ್ದರಿಂದ ಬಡವರು ದೂರು ಹೇಳುತ್ತಿಲ್ಲ ಎಂಬುದನ್ನು ಅವರ ಬಾಯಿ ಚೆನ್ನಾಗಿದೆ ಎಂದು ಓದಿಕೊಳ್ಳಬಾರದು. ಅವರ ಮೌನವೂ ನಾವು ಅಳೆಯಬೇಕಾದ ಸಂಗತಿಯೇ.

ನೀರಿನ ಹಾಗೆಯೇ ಬಾಯಿ ಕೆಡಿಸುವ ಅಡಿಕೆಯ ವಿಷಯ ಬರೆಯುವುದು ಕಷ್ಟ. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಎಷ್ಟೋ ಮನೆಗಳ ಮಕ್ಕಳು ಓದಿದ್ದು, ಹೆಣ್ಣುಮಕ್ಕಳ ಮದುವೆಯಾದದ್ದು ಅಡಿಕೆಯ ದುಡ್ಡಿನಲ್ಲಿ. ತಾಂಬೂಲವಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯವೂ ಇಲ್ಲ. ಹಾಗೆಂದು ಬಾಯಿ ಮುಚ್ಚಿಕೊಳ್ಳಲೂ ಆಗದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ಹೊಗೆಸೊಪ್ಪು ಸೇರಿಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಪಟ್ಟಿಗೆ ಸೇರಿಸಿತು. ಸಮಾರಂಭದ ಒಂದು ಬೀಡಕ್ಕೂ ದಿನವಿಡೀ ದವಡೆಯಲ್ಲಿರುವ ಪೊಟ್ಟಣಕ್ಕೂ ಅಂತರ ಬಹಳ. ದಿನವಿಡೀ ಇಟ್ಟುಕೊಳ್ಳುವವರು ಹೆಚ್ಚಾಗಿ ಯಾರು? ಲಾರಿ ಓಡಿಸುವವರು, ಗಣಿಯಲ್ಲಿ, ಗಾರೆ ಕೆಲಸದಲ್ಲಿ ದುಡಿಯುವವರು, ಮಧ್ಯಾಹ್ನದ ಹಸಿವನ್ನು ಮುಂದೂಡಬೇಕಾದ ಕೂಲಿ ಹೆಂಗಸರು. ಸಂಚಿಯಿಂದ ಎಲೆ ತೆಗೆದು, ಸುಣ್ಣ ಸವರಿ, ಕಡ್ಡಿಪುಡಿ ಉದುರಿಸಿ ಮಡಚಿದರೆ ಇನ್ನೆರಡು ಗಂಟೆ ಕಳೆ ಕೀಳಬಹುದು. ಅಜ್ಜಿಯರ ಈ ಅಭ್ಯಾಸ ನಿಧಾನಕ್ಕೆ ಕಡಿಮೆಯಾಗುತ್ತಿದೆ. ಮೊಮ್ಮಕ್ಕಳ ಕೈಗೆ ಪೊಟ್ಟಣ ಬಂದಿದೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅದೇ ಅಂಗಡಿಯಲ್ಲಿ ನೇತಾಡುತ್ತಿವೆ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 16ಕ್ಕೂ ಹೆಚ್ಚು ಮಂದಿ ಹೊಗೆರಹಿತ ತಂಬಾಕು ಬಳಸುವವರು.

ಅಡಿಕೆ ಅಗಿಯುವವರ ಬಾಯಿ ಬಿಗಿಯುವ ರೋಗದ ಮೊದಲ ಸುಳಿವು ಸಿಗುವುದು ಅಡುಗೆಮನೆಯಲ್ಲಿ. ‘ಖಾರ ಕಮ್ಮಿ ಹಾಕು, ಬಾಯಿ ಉರಿತದೆ.’ ಖಾರದ ಮೆಣಸಿನಕಾಯಿ ಬಿಟ್ಟು ಬದುಕಿಲ್ಲದವನು ಇದ್ದಕ್ಕಿದ್ದಂತೆ ಹೀಗೆ ಹೇಳಿದರೆ ಹೆಂಡತಿ ಹೊಟ್ಟೆ ಹುಣ್ಣು ಎಂದುಕೊಳ್ಳುತ್ತಾಳೆ. ಕೆನ್ನೆಯ ಒಳಗೆ ನಾರು ಬಿಗಿಯುತ್ತಾ ಬರುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಪರೀಕ್ಷೆ ಸರಳ: ತನ್ನದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಆಗಬೇಕು. ಎರಡೇ ಹಿಡಿದರೆ ಅಂದೇ ದಂತವೈದ್ಯರನ್ನು ಕಾಣಬೇಕು. ಇದನ್ನು ಆಶಾ ಕಾರ್ಯಕರ್ತೆ ಜಗಲಿಯ ಮೇಲೇ ಮಾಡಬಲ್ಲಳು.

ಆದರೆ ದಂತವೈದ್ಯರು ಎಲ್ಲಿದ್ದಾರೆ? ಚಿತ್ರದುರ್ಗ ನಗರದಲ್ಲಿ ಎಸ್.ಜೆ.ಎಂ. ದಂತ ವೈದ್ಯಕೀಯ ಕಾಲೇಜಿದೆ, ದಾವಣಗೆರೆಯಲ್ಲಿ ಎರಡು ಕಾಲೇಜುಗಳಿವೆ. ತಾಲ್ಲೂಕು ಆಸ್ಪತ್ರೆ ಬಿಟ್ಟು ಕೆಳಗಿಳಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರ ಕುರ್ಚಿ ಸಾಮಾನ್ಯವಾಗಿ ಇರುವುದಿಲ್ಲ. ಹೊಸದುರ್ಗದಾಚೆಯ ಹಳ್ಳಿಯಿಂದ ಹೊಳಲ್ಕೆರೆ ದಾಟಿ ದುರ್ಗಕ್ಕೆ ಬಂದು ಹೋಗಲು ಒಂದು ದಿನ ಬೇಕು. 2023ರ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಸರ್ಕಾರಿ ಬಸ್ಸು ಓಡುವ ದಾರಿಯಲ್ಲಿ; ಖಾಸಗಿ ಬಸ್ಸೇ ಗತಿಯಾದ ಹಳ್ಳಿಗಳಿಗೆ ಅದೂ ಇಲ್ಲ. ಕೂಲಿಯಂತೂ ಹೋದ ಹಾಗೆಯೇ. 2025-26ರಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಹಲ್ಲಿನ ಬೇರುನಾಳ ಚಿಕಿತ್ಸೆ ಮಾಡಿಸಿ ಕ್ಯಾಪ್ ಹಾಕಿಸಿದರೆ ಹತ್ತು ಹದಿನೈದು ದಿನದ ದುಡಿಮೆ ಕರಗುತ್ತದೆ, ಮೂರ್ನಾಲ್ಕು ಸಲ ಬರಬೇಕು. ಕೀಳಿಸಿದರೆ ಒಂದೇ ಸಲಕ್ಕೆ ಮುಗಿಯಿತು. ಹಾಗಾಗಿ ಉಳಿಸಬಹುದಾಗಿದ್ದ ಹಲ್ಲು ಹೋಗುತ್ತದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ ಎಂಬ ಭಯವೊಂದು ನಮ್ಮಲ್ಲಿ ಬೇರೂರಿದೆ. ಅದು ಸುಳ್ಳು, ಆದರೆ ಆ ಭಯದಿಂದ ಕೀವು ತುಂಬಿದ ಹಲ್ಲನ್ನು ತಿಂಗಳುಗಟ್ಟಲೆ ಲವಂಗ ಒತ್ತಿಕೊಂಡು ಇಟ್ಟುಕೊಳ್ಳುವವರಿದ್ದಾರೆ.

ಬಿಪಿಎಲ್ ಕುಟುಂಬದ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುವ ದಂತಭಾಗ್ಯ ಕರ್ನಾಟಕದ ಒಳ್ಳೆಯ ಯೋಜನೆ. ಅಳತೆ, ಕಚ್ಚು ನೋಡುವುದು, ಕೂಡಿಸಿ ನೋಡುವುದು, ಆಮೇಲೆ ಒತ್ತಿ ಗಾಯವಾದರೆ ಸರಿಪಡಿಸುವುದು ಎಂದು ಐದಾರು ಸಲ ಹೋಗಬೇಕಾಗುತ್ತದೆ. ಜೊತೆಗೆ ಬರುವವರಿಲ್ಲದ ಅಜ್ಜಿ ಎರಡನೇ ಸಲಕ್ಕೆ ನಿಲ್ಲಿಸಿಬಿಡುತ್ತಾಳೆ. ಕಾಲೇಜಿನವರು ತಾಲ್ಲೂಕು ಆಸ್ಪತ್ರೆಗೇ ಬಂದು ಅಳತೆ ತೆಗೆದುಕೊಂಡರೆ ಅರ್ಧ ಪ್ರಯಾಣ ಉಳಿಯುತ್ತದೆ.

ಮಕ್ಕಳ ವಿಷಯದಲ್ಲಿ ದಾರಿ ಇನ್ನೂ ಹತ್ತಿರದ್ದು. ಮುಂದಿನ ಹಲ್ಲು ಕಲೆಯಾಗುವುದು ಮೊದಲ ಮೂರು-ನಾಲ್ಕು ವರ್ಷದ ನೀರಿನಿಂದ ಎಂದಾದರೆ ಶುದ್ಧ ನೀರು ಮೊದಲು ಮುಟ್ಟಬೇಕಾದ್ದು ಅಂಗನವಾಡಿಗೆ ಮತ್ತು ಹಾಲುಗೂಸಿರುವ ಮನೆಗೆ. ಕುಡಿಯಲಿಕ್ಕಷ್ಟೇ ಅಲ್ಲ, ಸಾರು ಕುದಿಸುವ ಪಾತ್ರೆಗೂ. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂಬ ನಿಯಮವಿದೆ. ಅವರಿಗೆ ಕೊಡುವ ಕಿಟ್ಟಿನಲ್ಲಿ ಫ್ಲೋರೈಡಿಗೂ ಒಂದು ದ್ರಾವಣ ಇರುತ್ತದೆ. ಕೆಲವು ಹನಿ ಬಿಟ್ಟರೆ ಬಣ್ಣ ಬದಲಾಗುತ್ತದೆ. ಕೆಂಪಿನಿಂದ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ನಿಮ್ಮ ಊರಿನ ಅಂಗನವಾಡಿಯ ನೀರನ್ನು ಕಡೆಯ ಬಾರಿ ಪರೀಕ್ಷಿಸಿದ್ದು ಯಾವತ್ತು, ಬಣ್ಣ ಏನು ಬಂತು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ; ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.