ಮುಳುಗುವ ಮುನ್ನ, ಮೇಲೇರುವ ಮಾತು

ಸಮುದ್ರದಾಳ ಎಂದೊಡನೆ ಹಲವರಿಗೆ ನೆನಪಾಗುವುದು ಶಾರ್ಕ್. ಆದರೆ ಸ್ಕೂಬಾ ಡೈವಿಂಗ್‌ನಲ್ಲಿ ನಾವು ಹೆಚ್ಚು ಅಂಜಬೇಕಾದದ್ದು ಮೀನಿಗಲ್ಲ, ನಮ್ಮದೇ ಅವಸರಕ್ಕೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಇಂದು ನಗರವಾಸಿಗಳ ವಾರಾಂತ್ಯದ ಆಕರ್ಷಣೆ. ಈಜು ಬಾರದವರೂ ತರಬೇತುದಾರರ ಆಸರೆಯಲ್ಲಿ ನೀರಿಗಿಳಿಯುತ್ತಾರೆ. ಅಲ್ಲಿನ ಹವಳಗಳ ನಡುವೆ ಸುಳಿದಾಡಿದ ನಾನು ಈ ಸಂತೋಷವನ್ನು ಯಾರಿಗೂ ಬೇಡವೆನ್ನಲಾರೆ. ಆದರೆ ಅದರ ಹಿಂದಿನ ಭೌತಶಾಸ್ತ್ರವನ್ನು ಅರಿಯದೆ ಇಳಿಯುವುದು ಸಾಹಸವಲ್ಲ, ಅವಿವೇಕ.

10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟಿರುತ್ತದೆ. ಅಲ್ಲಿ ಸಿಲಿಂಡರ್‌ನಿಂದ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ, ಆ ಗಾಳಿ ಇಮ್ಮಡಿಯಾಗಿ ಹಿಗ್ಗಲು ಹವಣಿಸಿ ಶ್ವಾಸಕೋಶವನ್ನೇ ಹರಿಯಬಲ್ಲದು. ಇದಕ್ಕೆ ಒಂದೆರಡು ಮೀಟರ್ ಏರಿಕೆಯೂ ಸಾಕಾದೀತು. ಎಷ್ಟೇ ಗಾಬರಿಯಾದರೂ ಉಸಿರಾಟ ನಿಲ್ಲಿಸಬಾರದೆಂಬುದು ಆದ್ದರಿಂದಲೇ ಮೊದಲ ಪಾಠ.

ಎರಡನೆಯ ಅಪಾಯ ನೈಟ್ರೋಜನ್ ಅನಿಲದ್ದು. ಒತ್ತಡದಲ್ಲಿ ಅದು ರಕ್ತ, ಅಂಗಾಂಶಗಳಲ್ಲಿ ಕರಗುತ್ತದೆ. ಒತ್ತಡ ಒಮ್ಮೆಲೇ ಇಳಿದರೆ, ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆಗಳೇಳುತ್ತವೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯದಲ್ಲಿ, ಒತ್ತಡ ತುಂಬಿದ ಕೋಣೆಗಳಿಗೆ ಇಳಿದು ಬರುತ್ತಿದ್ದ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ವ್ಯಾಧಿಯಿಂದ ಹಾಸಿಗೆ ಹಿಡಿದರು. ನಿಮಿಷಕ್ಕೆ ಸುಮಾರು 9 ಮೀಟರ್ ಮೀರದಂತೆ ಏರುವುದು, 5 ಮೀಟರ್ ಆಳದಲ್ಲಿ 3 ನಿಮಿಷ ತಂಗುವುದು ಇಂದಿನ ರೂಢಿ.

ನೀರಿನಿಂದ ಎದ್ದೊಡನೆ ಏರಿಕೆ ಮುಗಿಯಿತೆಂದು ಭಾವಿಸಬೇಡಿ. ವಿಮಾನವೇರುವ ಮುನ್ನ, ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಬಾರಿ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ತಜ್ಞರ ಸಲಹೆ. ಸುಮಾರು 600 ಮೀಟರ್‌ಗಿಂತ ಎತ್ತರದ ಪ್ರದೇಶಕ್ಕೆ ರಸ್ತೆಯಲ್ಲಿ ಹೋಗುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಮುಳುಗಿ, ಸಂಜೆಯೇ ಘಟ್ಟ ಹತ್ತುವ ಬಸ್ಸು ಹಿಡಿಯುವವರು ಇದನ್ನು ಯೋಚಿಸುತ್ತಾರೆಯೇ? ಆಳವಿಲ್ಲದ ಒಂದು ಮುಳುಗಿನಿಂದ ಅಪಾಯ ಕಡಿಮೆ, ನಿಜ. ಆದರೂ ಕಡಲತೀರದಲ್ಲಿ ಒಂದು ರಾತ್ರಿ ಉಳಿಯುವುದು ದುಬಾರಿಯೇನಲ್ಲ. ಅನಂತರ ಕೀಲುನೋವು, ಜೋಮು, ಉಸಿರಾಟದ ತೊಂದರೆ ಕಂಡರೆ ವೈದ್ಯರಿಗೆ ಮುಳುಗಿದ ಸಂಗತಿಯನ್ನು ತಪ್ಪದೆ ತಿಳಿಸಬೇಕು.

ಒಮ್ಮೆ ದೋಣಿಯಲ್ಲಿ ನನ್ನ ಪಕ್ಕದ ಯುವಕನೊಬ್ಬ ಆರೋಗ್ಯದ ಪ್ರಶ್ನಾವಳಿಯನ್ನು ಓದದೆಯೇ ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿದ. ಅವನ ಚೀಲದಲ್ಲಿ ಆಸ್ತಮಾದ ಇನ್‌ಹೇಲರ್ ಇತ್ತು. ಕೊಟ್ಟ ಹಣ ವ್ಯರ್ಥವಾದೀತೆಂಬ ಚಿಂತೆ ಅವನದು. ಆದರೆ ಆ ಹಾಳೆ ಕೇವಲ ಕಾನೂನಿನ ಶಾಸ್ತ್ರವಲ್ಲ. ತರಬೇತುದಾರ ಎಷ್ಟೇ ನುರಿತವನಾದರೂ, ನಾವು ಮುಚ್ಚಿಟ್ಟ ಕಾಯಿಲೆಯಿಂದ ನಮ್ಮನ್ನು ಕಾಪಾಡಲಾರ.