ಅಗ್ಗದ ಲಾಜಿಕ್ ಅನಲೈಸರ್: ಕೊಳ್ಳುವ ಮುನ್ನ ಲೆಕ್ಕ ಹಾಕಿ

ಬೀದರ್ ಜಿಲ್ಲೆಯ ಔರಾದದ ಪ್ರೌಢಶಾಲೆಯೊಂದರಲ್ಲಿ ಬೇಸಿಗೆಯ ತಾಪ, ಆರ್ದ್ರತೆಗಳನ್ನು ದಾಖಲಿಸಲು ವಿದ್ಯಾರ್ಥಿಗಳು ಆರ್ಡುಯಿನೋ ಫಲಕಕ್ಕೆ ಡಿಎಚ್‌ಟಿ-11 ಸಂವೇದಕ ಜೋಡಿಸಿದ್ದಾರೆ ಎಂದುಕೊಳ್ಳಿ. ಗಣಕದ ತೆರೆಯ ಮೇಲೆ ಅಂಕಿಗಳೇ ಮೂಡುತ್ತಿಲ್ಲ. ತಪ್ಪು ಸಂವೇದಕದ್ದೋ, ತಂತಿಯದೋ, ಪ್ರೋಗ್ರಾಮಿನದೋ? ಮಲ್ಟಿಮೀಟರ್ ಇದನ್ನು ಹೇಳಲಾರದು. ಮೈಕ್ರೊಸೆಕೆಂಡುಗಳಲ್ಲಿ ಏರಿಳಿಯುವ ಸಂಜ್ಞೆಯನ್ನು ಅದು ಹಿಂಬಾಲಿಸಲಾರದು.

ಇಲ್ಲಿ ನೆರವಾಗುವುದು ಲಾಜಿಕ್ ಅನಲೈಸರ್. ಆಸಿಲೋಸ್ಕೋಪ್ ವೋಲ್ಟೇಜಿನ ಆಕಾರವನ್ನು ತೋರಿಸಿದರೆ, ಇದು ಪ್ರತಿ ತಂತಿಯಲ್ಲಿ ಯಾವ ಕ್ಷಣ 0, ಯಾವ ಕ್ಷಣ 1 ಇತ್ತೆಂಬುದನ್ನಷ್ಟೇ ದಾಖಲಿಸುತ್ತದೆ. ಯುಎಸ್‌ಬಿ ಮೂಲಕ ಗಣಕಕ್ಕೆ ಜೋಡಿಸುವ, 8 ತಂತಿಗಳನ್ನು ಸೆಕೆಂಡಿಗೆ 2.4 ಕೋಟಿ ಸಲ (24 ಮೆಗಾಹರ್ಟ್ಸ್) ನೋಡುವ ಪುಟ್ಟ ಪೆಟ್ಟಿಗೆಗಳು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಪಲ್ಸ್‌ವ್ಯೂ ಎಂಬ ಉಚಿತ ತಂತ್ರಾಂಶ ಇವುಗಳೊಡನೆ ಕೆಲಸ ಮಾಡುತ್ತದೆ.

ಅಷ್ಟು ವೇಗ ಸಾಕೆ? ಲೆಕ್ಕ ಹಾಕೋಣ. ಡಿಎಚ್‌ಟಿ-11 ಕಳಿಸುವುದು 40 ಬಿಟ್‌ಗಳನ್ನು. ಸಂಜ್ಞೆ ಸುಮಾರು 27 ಮೈಕ್ರೊಸೆಕೆಂಡು ಮೇಲಿದ್ದರೆ 0, ಸುಮಾರು 70 ಮೈಕ್ರೊಸೆಕೆಂಡು ಮೇಲಿದ್ದರೆ 1. 1 ಮೆಗಾಹರ್ಟ್ಸ್ ದರದಲ್ಲಿ ನೋಡಿದರೂ ಮೊದಲನೆಯದಕ್ಕೆ 27, ಎರಡನೆಯದಕ್ಕೆ 70 ಮಾದರಿಗಳು ಸಿಗುತ್ತವೆ. ಆರ್ಡುಯಿನೋ ಕಳಿಸಬೇಕಾದ ಆರಂಭದ ಸಂಜ್ಞೆಯೇ ಕಾಣದಿದ್ದರೆ ಪ್ರೋಗ್ರಾಮನ್ನೂ ಪಿನ್ ಸಂಖ್ಯೆಯನ್ನೂ ನೋಡಿ. ಅದು ಕಂಡು ಉತ್ತರ ಬರದಿದ್ದರೆ ತಂತಿ, ವಿದ್ಯುತ್ ಪೂರೈಕೆ, ಸಂವೇದಕಗಳನ್ನು ಪರೀಕ್ಷಿಸಿ. 40 ಬಿಟ್‌ಗಳೂ ಸರಿಯಾಗಿ ಬಂದಿದ್ದರೆ ತಪ್ಪು ಓದುವ ಪ್ರೋಗ್ರಾಮಿನದೇ.

ಸಂಜ್ಞೆಯ ಆವೃತ್ತಿಯ ಕನಿಷ್ಠ 4 ಪಟ್ಟು, ಸಾಧ್ಯವಾದರೆ 10 ಪಟ್ಟು ವೇಗದಲ್ಲಿ ಮಾದರಿ ತೆಗೆಯಬೇಕು ಎಂಬುದು ರೂಢಿಯ ಸೂತ್ರ. 100 ಕಿಲೋಹರ್ಟ್ಸ್‌ನ ಐ-ಸ್ಕ್ವೇರ್ಡ್-ಸಿ ಸಂಪರ್ಕಕ್ಕೆ 1 ಮೆಗಾಹರ್ಟ್ಸ್ ಸಾಕು. ಆದರೆ 8 ಮೆಗಾಹರ್ಟ್ಸ್‌ನ ಎಸ್‌ಪಿಐ ಸಂಪರ್ಕಕ್ಕೆ 24 ಮೆಗಾಹರ್ಟ್ಸ್ ಸಾಲದು. ಪರೀಕ್ಷೆಯ ಮಟ್ಟಿಗೆ ಆ ಸಂಪರ್ಕದ ವೇಗವನ್ನೇ ಇಳಿಸಿಕೊಳ್ಳಬಹುದು.

ಇನ್ನೊಂದು ಮಾತು. ಅಗ್ಗದ ಪೆಟ್ಟಿಗೆಗಳಿಗೆ ಮಾದರಿಗಳನ್ನು ಕೂಡಿಡುವ ಸ್ಮೃತಿ ಇಲ್ಲ. 24 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 19.2 ಕೋಟಿ ಬಿಟ್‌ಗಳು ಗಣಕಕ್ಕೆ ಹರಿಯಬೇಕು. ಶಾಲೆಯ ಹಳೆಯ ಗಣಕ ಸೋತರೆ ದರ ತಗ್ಗಿಸಿ.

ಜೋಡಿಸುವಾಗ ಮೊದಲು ಎರಡರ ಗ್ರೌಂಡ್ ತಂತಿಗಳನ್ನು ಸೇರಿಸಿ. ಸಾಮಾನ್ಯವಾಗಿ ಇವುಗಳ ಮಿತಿ 5 ವೋಲ್ಟ್. 12 ವೋಲ್ಟ್ ಬ್ಯಾಟರಿಯ ಮಂಡಲವಾದರೆ ಎರಡು ರೋಧಕಗಳಿಂದ ವೋಲ್ಟೇಜನ್ನು ಇಳಿಸಿಕೊಳ್ಳಿ. ಮನೆಯ 230 ವೋಲ್ಟ್ ಮಂಡಲಕ್ಕೆ ಎಂದೂ ತಾಗಿಸಬೇಡಿ. ಪೆಟ್ಟಿಗೆ, ಗಣಕಗಳ ಜೊತೆಗೆ ಜೀವಕ್ಕೂ ಅಪಾಯ.

ಸಂಜ್ಞೆಯ ಆಕಾರವೇ ಕೆಟ್ಟಿದೆಯೆಂಬ ಅನುಮಾನ ಬಂದರೆ ಆಸಿಲೋಸ್ಕೋಪೇ ಬೇಕು. ಅದಕ್ಕೆ ಬೀದರ್ ಇಲ್ಲವೆ ಭಾಲ್ಕಿಯ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರನ್ನು ಕೇಳಿ ನೋಡಬಹುದು. ಉಳಿದ ಬಹುಪಾಲು ಶಾಲಾ ಪ್ರಯೋಗಗಳಿಗೆ ಈ ಪುಟ್ಟ ಪೆಟ್ಟಿಗೆಯೇ ಸಾಕು.